ಹೈಸ್ಕೂಲಿನಲ್ಲಿ ಖಗೋಳ ಕಲಿಸುವವರಿಗೆ: ಒಂದು ವರ್ಷದಲ್ಲಿ ನಿಮ್ಮನ್ನು ನೀವೇ ತಯಾರು ಮಾಡಿಕೊಳ್ಳುವ ಬಗೆ

ಹೈಸ್ಕೂಲಿನಲ್ಲಿ ಖಗೋಳ ಕಲಿಸುವ ಹೆಚ್ಚಿನವರು ಖಗೋಳವನ್ನೇ ಓದಿ ಬಂದವರಲ್ಲ. ಭೌತಶಾಸ್ತ್ರದವರು, ಭೂಗೋಳದವರು, ಕೆಲವೊಮ್ಮೆ ಗಣಿತದವರು. ಟೈಂಟೇಬಲ್ ಹಾಕುವಾಗ ಆ ಅಧ್ಯಾಯ ಅವರ ಪಾಲಿಗೆ ಬಂದಿರುತ್ತದೆ, ಅಷ್ಟೆ. ಆಮೇಲೆ ಶುರುವಾಗುತ್ತದೆ ಮಕ್ಕಳ ಪ್ರಶ್ನೆ. ಬ್ಲ್ಯಾಕ್ ಹೋಲ್ ಒಳಗೆ ಏನಿದೆ, ಬಿಗ್ ಬ್ಯಾಂಗ್‌ಗೂ ಮುಂಚೆ ಏನಿತ್ತು, ಪ್ಲೂಟೊನ ಯಾಕೆ ತೆಗೆದುಹಾಕಿದರು. ಬೇರೆ ಯಾವ ಪಾಠದಲ್ಲೂ ಇಷ್ಟು ಕೈ ಮೇಲೇಳುವುದಿಲ್ಲ.

ಇದಕ್ಕೆ ತಯಾರಿ ಅಂದ ಕೂಡಲೇ ನಮಗೆ ಹೊಳೆಯುವುದು ಕಾರ್ಯಾಗಾರ, ಆನ್‌ಲೈನ್ ಕೋರ್ಸ್, ಸರ್ಟಿಫಿಕೇಟು. ಅವು ಬೇಡ ಎನ್ನುವುದಿಲ್ಲ, ಆದರೆ ಅವು ಎರಡನೆಯ ಮಾತು. ಖಗೋಳ ಶಿಕ್ಷಕರು ನಿಜವಾಗಿ ಬೆಳೆಯುವುದು ಎರಡು ಕೆಲಸದಿಂದ ಅನ್ನುವುದು ನನ್ನ ಅಭಿಪ್ರಾಯ. ಒಂದು, ಆಕಾಶವನ್ನು ತಾವೇ ನೋಡಿ ಬರೆದಿಡುವುದು. ಇನ್ನೊಂದು, ಮಕ್ಕಳ ತಲೆಯಲ್ಲಿ ಈಗಾಗಲೇ ಏನು ಕೂತಿದೆ ಎಂದು ಕೇಳಿ ತಿಳಿಯುವುದು. ಎರಡಕ್ಕೂ ದುಡ್ಡು ಬೇಡ, ಯಾರ ಆದೇಶವೂ ಬೇಡ. ಒಂದು ಶಾಲಾ ವರ್ಷದ ಲೆಕ್ಕದಲ್ಲಿ ಹೇಗೆ ಮಾಡಬಹುದು, ನೋಡೋಣ.

ಮೊದಲ ಹೆಜ್ಜೆ: ನಿಮಗೆ ನೀವೇ ಪರೀಕ್ಷೆ ಕೊಟ್ಟುಕೊಳ್ಳಿ

ಪುಸ್ತಕ, ಫೋನು ಎರಡನ್ನೂ ಪಕ್ಕಕ್ಕಿಡಿ. ಒಂದು ಹಾಳೆ ತೆಗೆದುಕೊಂಡು ಇವಕ್ಕೆ ಉತ್ತರ ಬರೆಯಿರಿ. ಚಿತ್ರ ಬಿಡಿಸಿದರೆ ಇನ್ನೂ ಒಳ್ಳೆಯದು.

ಸರಿಯಾಗಿ ಅರ್ಧ ಬೆಳಗಿದ, ಬೆಳೆಯುತ್ತಿರುವ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಆಕಾಶದ ಯಾವ ಭಾಗದಲ್ಲಿ ಇರುತ್ತಾನೆ? ಚಂದ್ರನ ಮೇಲೆ ನಿಂತವನಿಗೆ ಭೂಮಿ ಹುಟ್ಟಿ ಮುಳುಗುವುದು ಕಾಣುತ್ತದಾ? ನಕ್ಷತ್ರಗಳು ದಿನಾ ಸುಮಾರು 4 ನಿಮಿಷ ಮೊದಲೇ ಹುಟ್ಟುತ್ತವೆ, ಯಾಕೆ? ಬಾಹ್ಯಾಕಾಶ ನಿಲ್ದಾಣ ಹಾರುವ ಎತ್ತರದಲ್ಲಿ ಗುರುತ್ವ ನೆಲದ ಮೇಲಿನದರ ಎಷ್ಟು ಪಾಲು? ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಯಾಕೆ ಆಗುವುದಿಲ್ಲ?

ಕೊನೆಯದಕ್ಕೆ ಉತ್ತರ ಎಲ್ಲರಿಗೂ ಗೊತ್ತು ಅನಿಸುತ್ತದೆ, ಅಲ್ವಾ? ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿದೆ. ಆದರೆ ಒಬ್ಬ ಹುಡುಗಿ ಎದ್ದು ನಿಂತು "ಬರೀ 5 ಡಿಗ್ರಿ ತಾನೆ ಮೇಡಂ, ಅಷ್ಟಕ್ಕೇ ನೆರಳು ತಪ್ಪಿಹೋಗುತ್ತಾ?" ಎಂದು ಕೇಳಿದರೆ ಏನು ಹೇಳುತ್ತೀರಿ? ಅಲ್ಲಿ ತಡವರಿಸಿದರೆ ಆ ವಿಷಯಕ್ಕೆ ಪಕ್ಕದಲ್ಲಿ ಗುರುತು ಹಾಕಿ. ಉತ್ತರ ಮುಂದೆ ಬರುತ್ತದೆ. ಗುರುತು ಬಿದ್ದ ವಿಷಯಗಳೇ ನಿಮ್ಮ ಈ ವರ್ಷದ ಪಠ್ಯ. ಅವುಗಳಲ್ಲಿ ಮೂರನ್ನು ಆರಿಸಿಕೊಳ್ಳಿ. ಜಾಸ್ತಿ ಬೇಡ.

ಎರಡನೆಯದು: ಒಂದು ತಿಂಗಳು ಚಂದ್ರನ ಹಿಂದೆ ಬೀಳಿ

ಟೆಲಿಸ್ಕೋಪ್ ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್. ಅಮಾವಾಸ್ಯೆಯಾದ ಎರಡು ಮೂರು ದಿನಕ್ಕೆ ಶುರು ಮಾಡಿ. ಆಗ ಸಂಜೆ ಪಶ್ಚಿಮದಲ್ಲಿ ತೆಳ್ಳನೆ ಗೆರೆಯಂತೆ ಚಂದ್ರ ಕಾಣುತ್ತಾನೆ. ದಿನಾಂಕ, ಗಂಟೆ, ದಿಕ್ಕು, ದಿಗಂತದಿಂದ ಎತ್ತರ, ಬೆಳಗಿದ ಭಾಗದ ಆಕಾರ ಇಷ್ಟನ್ನು ಬರೆಯಿರಿ. ಎತ್ತರ ಅಳೆಯಲು ಕೈ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಚಂದ್ರನ ಅಗಲ ಬರೀ ಅರ್ಧ ಡಿಗ್ರಿ, ಅಂದರೆ ಕಿರುಬೆರಳಿನ ಅರ್ಧ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಹುಣ್ಣಿಮೆಯ ದಿನ ತೋಳು ಚಾಚಿ ನೋಡಿದ ಮೇಲೇ ನಂಬುತ್ತಾರೆ.

ದಿನಾ ಒಂದೇ ಹೊತ್ತಿಗೆ ನೋಡುತ್ತಾ ಹೋದರೆ ಚಂದ್ರ ಪೂರ್ವಕ್ಕೆ ಜರುಗುವುದು ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಹೆಚ್ಚುಕಡಿಮೆ 12–13 ಡಿಗ್ರಿ, ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೇ ಚಂದ್ರೋದಯ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡ. ಹುಣ್ಣಿಮೆ ದಾಟಿದ ಮೇಲೆ ಸಂಜೆ ನೋಡಿದರೆ ಸಿಗುವುದಿಲ್ಲ, ಬೆಳಿಗ್ಗೆ ಏಳಬೇಕು. ಶಾಲೆಯ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪಶ್ಚಿಮದಲ್ಲಿ ಮಾಸಲು ಚಂದ್ರ ಇನ್ನೂ ನಿಂತಿರುತ್ತಾನೆ. ಅದನ್ನು ಮಕ್ಕಳಿಗೆ ಅಲ್ಲೇ ತೋರಿಸಿ. ಚಂದ್ರ ರಾತ್ರಿ ಮಾತ್ರ ಇರುತ್ತಾನೆ ಎಂದುಕೊಂಡವರು ತರಗತಿಯಲ್ಲಿ ಎಷ್ಟು ಜನ ಇದ್ದಾರೆ ಎಂಬುದು ಆಗ ಗೊತ್ತಾಗುತ್ತದೆ.

ಮೋಡ ಕವಿದ ದಿನ "ಮೋಡ" ಎಂದೇ ಬರೆಯಿರಿ. ಸುಮ್ನೆ ಊಹಿಸಿ ತುಂಬಬೇಡಿ. ಮುಂದೆ ಮಕ್ಕಳಿಗೂ ಇದನ್ನೇ ಹೇಳಬೇಕಲ್ಲ.

ತಿಂಗಳು ಮುಗಿದ ಮೇಲೆ ಪುಟ ತಿರುವಿ ಎರಡು ಲೆಕ್ಕ ಮಾಡಿ. ಅದೇ ಆಕಾರ ಮತ್ತೆ ಬರಲು ಎಷ್ಟು ದಿನ? ಅದೇ ನಕ್ಷತ್ರದ ಪಕ್ಕಕ್ಕೆ ಮರಳಲು ಎಷ್ಟು ದಿನ? ಮೊದಲನೆಯದು 29.5, ಎರಡನೆಯದು 27.3. ರೋಹಿಣಿಯನ್ನೋ ಚಿತ್ರಾ ನಕ್ಷತ್ರವನ್ನೋ ಗುರುತಿಟ್ಟುಕೊಂಡರೆ ಸಲೀಸು. ಈ ಎರಡು ದಿನದ ವ್ಯತ್ಯಾಸ ಎಲ್ಲಿಂದ ಬಂತು ಎಂದು ನಿಮ್ಮ ಪಟ್ಟಿಯನ್ನೇ ಹಿಡಿದು ವಿವರಿಸಿದ ದಿನ ನಿಮ್ಮ ಪಾಠದ ದನಿಯೇ ಬೇರೆ ಆಗಿರುತ್ತದೆ. ನೋಡಿ ಹೇಳುವುದಕ್ಕೂ ಓದಿ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಬೇಗ ಹಿಡಿಯುತ್ತಾರೆ.

ಚಂದ್ರ ಮುಗಿದ ಮೇಲೆ ಸೂರ್ಯ. ನೇರವಾಗಿ ನಿಲ್ಲಿಸಿದ ಒಂದು ಕೋಲಿನ ನೆರಳನ್ನು ವಾರಕ್ಕೊಮ್ಮೆ ಒಂದೇ ಗಡಿಯಾರದ ಹೊತ್ತಿಗೆ ಅಳೆಯಿರಿ. ವರ್ಷವಿಡೀ ಮಾಡಿದರೆ ನೆರಳಿನ ತುದಿಯ ಗುರುತುಗಳು ಎಂಟರ ಆಕಾರಕ್ಕೆ ಬರುತ್ತವೆ. ಯಾಕೆಂದರೆ ಸೂರ್ಯನ ಗಡಿಯಾರ ನಮ್ಮ ಗಡಿಯಾರಕ್ಕಿಂತ ನವೆಂಬರ್ ಮೊದಲ ವಾರದಲ್ಲಿ ಸುಮಾರು 16 ನಿಮಿಷ ಮುಂದಿರುತ್ತದೆ, ಫೆಬ್ರವರಿ ನಡುವಿಗೆ ಸುಮಾರು 14 ನಿಮಿಷ ಹಿಂದಿರುತ್ತದೆ.

ಮೂರನೆಯದು: ಪಾಠಕ್ಕೆ ಮುಂಚೆ ಮಕ್ಕಳ ಉತ್ತರ ಸಂಗ್ರಹಿಸಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುತ್ತೀರಿ ಎಂದಾದರೆ ಇದನ್ನು ಪಾಲಿಸಿ.

ಅಮೆರಿಕದ ಫಿಲಿಪ್ ಸ್ಯಾಡ್ಲರ್ ಮತ್ತು ಸಂಗಡಿಗರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಾಧ್ಯಮಿಕ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಎರಡು ಪ್ರಶ್ನೆ ಕೇಳಿದರು. ಸರಿ ಉತ್ತರ ಯಾವುದು? ನಿಮ್ಮ ಮಕ್ಕಳು ಹೆಚ್ಚಾಗಿ ಆರಿಸುವ ತಪ್ಪು ಉತ್ತರ ಯಾವುದು? ಮಕ್ಕಳಲ್ಲಿ ಗಟ್ಟಿಯಾಗಿ ಬೇರೂರಿದ ತಪ್ಪು ತಿಳಿವಳಿಕೆ ಇರುವ ವಿಷಯಗಳಲ್ಲಿ, ಎರಡೂ ಗೊತ್ತಿದ್ದ ಶಿಕ್ಷಕರ ಮಕ್ಕಳೇ ಜಾಸ್ತಿ ಕಲಿತಿದ್ದರು. ಸರಿ ಉತ್ತರ ಗೊತ್ತಿದ್ದ ಮಾತ್ರಕ್ಕೆ ಅಷ್ಟು ಉಪಯೋಗ ಆಗಿರಲಿಲ್ಲ.

ಖಗೋಳದಲ್ಲಂತೂ ಬೇರೂರಿದ ತಪ್ಪುಗಳಿಗೆ ಬರವಿಲ್ಲ. ಋತುಗಳು ಯಾಕೆ ಬದಲಾಗುತ್ತವೆ ಎಂದು ಕೇಳಿ ನೋಡಿ. ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ ಎಂಬುದೇ ಹೆಚ್ಚಿನವರ ಉತ್ತರ. 1980ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನದ ದಿನ ಕ್ಯಾಮೆರಾ ಹಿಡಿದು ಇದನ್ನೇ ಕೇಳಿದಾಗಲೂ ಹೆಚ್ಚಿನವರು ಹೀಗೇ ಹೇಳಿದ್ದರು. ಹಾಗಾಗಿ ನಿಮ್ಮ ಒಂಬತ್ತನೇ ತರಗತಿಯ ಮಕ್ಕಳ ಮೇಲೆ ಸಿಟ್ಟಾಗಬೇಡಿ.

ಮಾಡುವ ಬಗೆ ಹೀಗೆ. ಪಾಠ ಶುರುವಾಗುವ ಹಿಂದಿನ ದಿನ ಐದು ನಿಮಿಷ ತೆಗೆದುಕೊಳ್ಳಿ. ಒಂದೇ ಪ್ರಶ್ನೆ, ಅರ್ಧ ಹಾಳೆ, ಹೆಸರು ಬರೆಯುವುದು ಬೇಡ, ಅಂಕ ಇಲ್ಲ. ಚಿತ್ರ ಬಿಡಿಸಲು ಹೇಳಿ. ಸಂಜೆ ಕೂತು ಹಾಳೆಗಳನ್ನು ಗುಂಪು ಮಾಡಿ. ಸರಿ, ತಪ್ಪು ಎಂಬ ಎರಡೇ ಗುಂಪು ಮಾಡಬೇಡಿ. ತಪ್ಪುಗಳಲ್ಲೇ ಎಷ್ಟು ಬಗೆ ಇದೆ, ಅದನ್ನು ನೋಡಿ. ದೂರದ ಉತ್ತರ ಒಂದು ಗುಂಪು. ಮೋಡ, ಮಳೆ, ಗಾಳಿಯಿಂದ ಎನ್ನುವವರದು ಇನ್ನೊಂದು. ಓರೆಯಾದ ಅಕ್ಷ ಎಂದು ಬರೆದು, ಅದರ ಮುಂದೆ ಏನೂ ವಿವರಿಸದವರದು ಮತ್ತೊಂದು. ಈ ಮೂರನೆಯ ಗುಂಪಿನ ಮೇಲೆ ಕಣ್ಣಿಡಿ.

ಯಾಕೆ ಅಂತೀರಾ? ದೂರದ ಕಥೆಯನ್ನು ಬೀಳಿಸುವುದು ಕಷ್ಟವಲ್ಲ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರ, ಆಗ ದೂರ ಸುಮಾರು 14.71 ಕೋಟಿ ಕಿ.ಮೀ. ಅತಿ ದೂರ ಹೋಗುವುದು ಜುಲೈ ಮೊದಲ ವಾರ, ಸುಮಾರು 15.21 ಕೋಟಿ ಕಿ.ಮೀ. ಜನವರಿಯಲ್ಲಿ ಉತ್ತರಾರ್ಧಗೋಳದಲ್ಲಿ ಚಳಿಗಾಲ, ದಕ್ಷಿಣದಲ್ಲಿ ಬೇಸಿಗೆ. ಒಂದೇ ಭೂಮಿ, ಒಂದೇ ದೂರ, ಎರಡು ಋತು. ಇಷ್ಟು ಹೇಳಿದರೆ ತರಗತಿ ಒಪ್ಪುತ್ತದೆ.

ಆದರೆ ಆಮೇಲೆ 23.4 ಡಿಗ್ರಿ ಓರೆಯ ಬಗ್ಗೆ ಹೇಳುತ್ತೀರಿ. ಎಲ್ಲರೂ ತಲೆಯಾಡಿಸುತ್ತಾರೆ. ಆಗ ಒಬ್ಬನನ್ನು ಎಬ್ಬಿಸಿ, ಓರೆ ಇದ್ದರೆ ಬಿಸಿ ಯಾಕೆ ಜಾಸ್ತಿ ಆಗುತ್ತದೆ ಎಂದು ಕೇಳಿ. "ಆ ಕಡೆ ವಾಲಿದಾಗ ಆ ಅರ್ಧ ಸೂರ್ಯನಿಗೆ ಹತ್ತಿರ ಆಗುತ್ತೆ ಸರ್" ಎಂಬ ಉತ್ತರ ಬರುವ ಸಾಧ್ಯತೆ ತುಂಬಾ ಇದೆ. ಹಳೆಯ ತಪ್ಪು ಹೊಸ ಅಂಗಿ ತೊಟ್ಟು ಬಂದಿದೆ ಅಷ್ಟೆ. ಪರೀಕ್ಷೆಯಲ್ಲಿ "ಅಕ್ಷದ ಓರೆಯಿಂದ" ಎಂದು ಬರೆದು ಪೂರ್ತಿ ಅಂಕವನ್ನೂ ತೆಗೆದುಕೊಂಡು ಹೋಗುತ್ತದೆ.

ಇದನ್ನು ಕೆಡವಲು ಎರಡು ವಸ್ತು ಬೇಕು. ಒಂದು ಲೆಕ್ಕ: ಭೂಮಿಯ ವ್ಯಾಸವೇ 12,742 ಕಿ.ಮೀ. ವಾಲಿದ್ದರಿಂದ ಹತ್ತಿರ ಬಂದರೂ ಅದಕ್ಕಿಂತ ಕಡಿಮೆಯೇ. 15 ಕೋಟಿಯ ಮುಂದೆ ಅದು ಯಾವ ಲೆಕ್ಕಕ್ಕೂ ಬಾರದು. ಇನ್ನೊಂದು ಟಾರ್ಚು: ಚೌಕುಳಿ ಹಾಳೆಯ ಮೇಲೆ ನೇರವಾಗಿ ಬೆಳಕು ಬಿಟ್ಟು, ಬೆಳಗಿದ ಚೌಕಗಳನ್ನು ಎಣಿಸಿ. ಈಗ ಬೆಳಕು ಹಾಳೆಗೆ 30 ಡಿಗ್ರಿ ಕೋನದಲ್ಲಿ ಬೀಳುವಂತೆ ಹಾಳೆಯನ್ನು ಓರೆ ಮಾಡಿ ಮತ್ತೆ ಎಣಿಸಿ. ಚೌಕಗಳು ಹೆಚ್ಚುಕಡಿಮೆ ಎರಡರಷ್ಟಾಗುತ್ತವೆ. ಅದೇ ಬೆಳಕು ಎರಡರಷ್ಟು ಜಾಗಕ್ಕೆ ಹಂಚಿಹೋಯಿತು. ಇದರ ಜೊತೆಗೆ ಹಗಲಿನ ಉದ್ದ. ಇವೆರಡೂ ಸೇರಿಯೇ ಋತು.

ಪಾಠ ಮುಗಿದು ಎರಡು ವಾರವಾದ ಮೇಲೆ ಅದೇ ಪ್ರಶ್ನೆ, ಅದೇ ಅರ್ಧ ಹಾಳೆ. ಮರುದಿನವೇ ಕೇಳಿದರೆ ಬರುವುದು ನಿಮ್ಮ ಮಾತಿನ ಪ್ರತಿಧ್ವನಿ ಮಾತ್ರ. ಎರಡೂ ಸಲದ ಹಾಳೆಗಳನ್ನು ಒಂದು ಫೈಲಿನಲ್ಲಿಡಿ. ನಿಮ್ಮ ಬೆಳವಣಿಗೆಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಚಂದ್ರನ ಕಲೆಗಳ, ಅಂದರೆ ದಿನಾ ಬದಲಾಗುವ ಆಕಾರದ ವಿಷಯದಲ್ಲೂ ಹೀಗೇ. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗುತ್ತಾನೆ ಎಂಬುದು ಇಲ್ಲಿನ ಹಟಮಾರಿ ತಪ್ಪು. ಇದಕ್ಕೆ ಪಠ್ಯಪುಸ್ತಕದ ಚಿತ್ರವೂ ಸ್ವಲ್ಪ ಹೊಣೆ. ಅಲ್ಲಿ ಭೂಮಿ, ಚಂದ್ರ ಅಕ್ಕಪಕ್ಕ ಅಂಟಿಕೊಂಡಂತೆ ಇರುತ್ತವೆ. ನಿಜವಾದ ಅಳತೆಯಲ್ಲಿ ಮಾಡಿ ತೋರಿಸಿ. ಭೂಮಿಗೆ 12.7 ಸೆಂ.ಮೀ. ಅಗಲದ ಚೆಂಡು, ಚಂದ್ರನಿಗೆ 3.5 ಸೆಂ.ಮೀ. ಚೆಂಡು, ನಡುವೆ 3 ಮೀಟರ್ 84 ಸೆಂ.ಮೀ. ಅಂತರ. ಮೊದಲು ಮಕ್ಕಳನ್ನೇ ಅಂತರ ಊಹಿಸಲು ಬಿಡಿ. ಎಲ್ಲರೂ ತುಂಬಾ ಹತ್ತಿರ ಇಡುತ್ತಾರೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅಷ್ಟು ದೂರದಲ್ಲಿ 5 ಡಿಗ್ರಿ ಅಂದರೆ ಚಂದ್ರನ ಚೆಂಡು ಸುಮಾರು 34 ಸೆಂ.ಮೀ. ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಭೂಮಿಯ ಚೆಂಡು ಇರುವುದೇ 12.7 ಸೆಂ.ಮೀ. ಇನ್ನು ನೆರಳು ತಪ್ಪದೆ ಇರುತ್ತದಾ?

ನಾಲ್ಕನೆಯದು: ತರಬೇತಿಗೆ ಹೋಗುವ ಮುಂಚೆ ನಾಲ್ಕು ಪ್ರಶ್ನೆ

ಈಗ ಕಾರ್ಯಾಗಾರದ ಮಾತು. ನಿಮ್ಮ ಕೈಯಲ್ಲಿ ಈಗ ಮೂರು ವಿಷಯದ ಪಟ್ಟಿ ಇದೆ, ಮಕ್ಕಳ ಹಾಳೆಗಳಿವೆ. ಹಾಗಾಗಿ ಸಿಕ್ಕಿದ್ದಕ್ಕೆಲ್ಲ ಹೆಸರು ಕೊಡುವ ಅಗತ್ಯವಿಲ್ಲ.

ಶಿಕ್ಷಕರ ತರಬೇತಿಯ ಬಗ್ಗೆ ಕೆಲಸ ಮಾಡಿದ ಲಾರಾ ಡೆಸಿಮೋನ್ 2009ರಲ್ಲಿ ಐದು ಗುಣಗಳನ್ನು ಪಟ್ಟಿ ಮಾಡಿದ್ದರು: ವಿಷಯದ ಮೇಲೆ ಗಮನ, ಕೈಯಾರೆ ಮಾಡುವ ಅವಕಾಶ, ಶಾಲೆಯ ಪಠ್ಯದ ಜೊತೆ ಹೊಂದಾಣಿಕೆ, ಸಾಕಷ್ಟು ಅವಧಿ, ಸಹೋದ್ಯೋಗಿಗಳ ಜೊತೆ ಸೇರಿ ಭಾಗವಹಿಸುವುದು. ಇದನ್ನೇ ನಮ್ಮ ಮಾತಿನಲ್ಲಿ ಕೇಳಿಕೊಳ್ಳೋಣ. ಅಲ್ಲಿ ನಾನು ಏನನ್ನಾದರೂ ಅಳೆಯುತ್ತೇನಾ, ಇಲ್ಲ ಸ್ಲೈಡ್ ನೋಡುತ್ತಾ ಕೂರುತ್ತೇನಾ? ಅಲ್ಲಿ ಮಾಡಿದ್ದನ್ನು ನನ್ನ ತರಗತಿಯ ಮಕ್ಕಳ ಸಂಖ್ಯೆಗೆ, ನನ್ನ ಒಂದು ಪೀರಿಯಡ್‌ಗೆ ಹೊಂದಿಸಬಹುದಾ? ಮಕ್ಕಳು ಹೇಗೆ ಯೋಚಿಸುತ್ತಾರೆ ಎಂಬ ಮಾತು ಬರುತ್ತದಾ? ತಿಂಗಳಾದ ಮೇಲೆ ಯಾರಾದರೂ ಮತ್ತೆ ಮಾತಿಗೆ ಸಿಗುತ್ತಾರಾ? ಮೂರಕ್ಕೆ "ಹೌದು" ಬಂದರೆ ಹೋಗಿ. ದೊಡ್ಡ ವಿಜ್ಞಾನಿಯ ಒಂದು ಗಂಟೆಯ ಭಾಷಣ ಕೇಳಲು ಸೊಗಸು, ಖುಷಿಗಾಗಿ ಕೇಳಿ. ಅದನ್ನು ತರಬೇತಿಯ ಲೆಕ್ಕಕ್ಕೆ ಹಾಕಬೇಡಿ.

ಎಲ್ಲಿ ಹುಡುಕಬೇಕು? ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ಅಂದರೆ ಐಎಯು, ಶಿಕ್ಷಣಕ್ಕೆಂದೇ ಒಂದು ಕಚೇರಿ ನಡೆಸುತ್ತದೆ. ಅದು ಇರುವುದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಆದರೆ ಕೆಲಸ ಹಲವು ದೇಶಗಳಲ್ಲಿ. ಐಎಯು ಬಳಗದ್ದೇ ಆದ ನೇಸ್ ಎಂಬ ಶಿಕ್ಷಕರ ತರಬೇತಿ ಕಾರ್ಯಕ್ರಮ ಇದೆ. ರಟ್ಟು, ದಾರ, ಬಲ್ಬು ಇಟ್ಟುಕೊಂಡು ಮಾದರಿ ಮಾಡಿಸುವುದು ಅದರ ವಿಶೇಷ. ಆಸ್ಟ್ರೋಎಜು ಎಂಬಲ್ಲಿ ತರಗತಿ ಚಟುವಟಿಕೆಗಳು ಉಚಿತವಾಗಿ ಸಿಗುತ್ತವೆ. ಪ್ರತಿಯೊಂದನ್ನೂ ಒಬ್ಬ ಖಗೋಳ ವಿಜ್ಞಾನಿ, ಒಬ್ಬ ಶಿಕ್ಷಣ ತಜ್ಞ ಓದಿ ಒಪ್ಪಿದ ಮೇಲೇ ಹಾಕುವ ಪದ್ಧತಿ ಅಲ್ಲಿದೆ. ಸುಮ್ನೆ ಹುಡುಕಿ ಸಿಕ್ಕಿದ ವರ್ಕ್‌ಶೀಟಿಗಿಂತ ಇದು ಎಷ್ಟೋ ವಾಸಿ.

ಐದನೆಯದು: ನಿಜವಾದ ಅಳತೆಯ ಮೇಲೆ ಕೈ ಹಾಕಿ

ಪಠ್ಯದಲ್ಲಿರುವ ಸಂಖ್ಯೆಗಳು ಹಳತಾಗುತ್ತವೆ. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಹೊಸ ಉಪಗ್ರಹಗಳು ಲೆಕ್ಕಕ್ಕೆ ಸೇರಿ ಶನಿಯ ಉಪಗ್ರಹಗಳು 274 ಆದವು. ಅಂಥ ಸಂಖ್ಯೆ ಬಾಯಿಪಾಠ ಮಾಡಿಸಿ ಏನು ಪ್ರಯೋಜನ? ಅಳೆಯುವ ಬಗೆ ಹಳತಾಗುವುದಿಲ್ಲ. ಹಾಗಾಗಿ ವರ್ಷಕ್ಕೆ ಒಂದಾದರೂ ಅಳತೆಯನ್ನು ಮೊದಲಿನಿಂದ ಕೊನೆತನಕ ನೀವೇ ಮಾಡಿ.

ನನ್ನ ಮೆಚ್ಚಿನದು ಗುರುಗ್ರಹವನ್ನು ತೂಗುವುದು. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಗುರುವನ್ನು ಹುಡುಕಿ ದೊಡ್ಡದು ಮಾಡಿ. ಅಯೋ ಎಂಬ ಉಪಗ್ರಹ ಗುರುವಿನಿಂದ ಒಂದು ಕಡೆಗೆ ಅತಿ ದೂರ ಹೋದ ಕ್ಷಣವನ್ನು ಬರೆದುಕೊಳ್ಳಿ. ಸಮಯವನ್ನು ಗಂಟೆ ಗಂಟೆಯಾಗಿ ಮುಂದೂಡಿ, ಅದು ಮತ್ತೆ ಅದೇ ಕಡೆಯ ತುದಿಗೆ ಬರುವ ತನಕ ಎಣಿಸಿ. ಸುಮಾರು 42 ಗಂಟೆ ಬರುತ್ತದೆ, ಅಂದರೆ 1.77 ದಿನ. ಈಗ ಪರದೆಗೆ ಸ್ಕೇಲು ಹಿಡಿಯಿರಿ. ಗುರುವಿನ ನಡುವಿನಿಂದ ಅಯೋ ಇರುವ ದೂರ ಗುರುವಿನ ಅಗಲದ ಮೂರರಷ್ಟಕ್ಕೆ ತುಸು ಕಡಿಮೆ. ಗುರುವಿನ ವ್ಯಾಸ 1.43 ಲಕ್ಷ ಕಿ.ಮೀ. ಆದ್ದರಿಂದ ಅಯೋ ದೂರ ಸುಮಾರು 4.22 ಲಕ್ಷ ಕಿ.ಮೀ.

ಇಲ್ಲಿ ನಿಂತು ಮಕ್ಕಳನ್ನು ಕೇಳಿ: ನಮ್ಮ ಚಂದ್ರ ಎಷ್ಟು ದೂರ? 3.84 ಲಕ್ಷ ಕಿ.ಮೀ. ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ನಮ್ಮ ಚಂದ್ರನಿಗೆ ಒಂದು ಸುತ್ತಿಗೆ 27.3 ದಿನ ಬೇಕು, ಅಯೋಗೆ ಎರಡು ದಿನವೂ ಬೇಡ. ಯಾಕೆ ಅಷ್ಟು ಅವಸರ? ಗುರು ಅಷ್ಟು ಜೋರಾಗಿ ಎಳೆಯುತ್ತಿದ್ದಾನೆ. ಸೂತ್ರ ಬರೆಯುವ ಮುಂಚೆಯೇ ಇಷ್ಟು ತಲೆಗೆ ಹೋಗಿರುತ್ತದೆ.

ಕೆಪ್ಲರ್‌ನ ಮೂರನೇ ನಿಯಮಕ್ಕೆ ನ್ಯೂಟನ್ ಕೊಟ್ಟ ರೂಪದಲ್ಲಿ, ನಡುವಿರುವ ಕಾಯದ ದ್ರವ್ಯರಾಶಿ ದೂರದ ಘನಕ್ಕೆ ಅನುಗುಣ, ಅವಧಿಯ ವರ್ಗಕ್ಕೆ ವಿಲೋಮ. ದೂರದ ಅನುಪಾತ 1.1, ಅದರ ಘನ 1.33. ಅವಧಿಯ ಅನುಪಾತ 15.4, ಅದರ ವರ್ಗ 237. ಗುಣಿಸಿದರೆ 315ರ ಆಸುಪಾಸು. ಗುರು ಭೂಮಿಯ 315ರಷ್ಟು ಭಾರ! ಪುಸ್ತಕದಲ್ಲಿ 318 ಎಂದಿದೆ. ಆ ಮೂರು ಎಲ್ಲಿ ಹೋಯಿತು ಎಂದು ಒಬ್ಬರಾದರೂ ಕೇಳುತ್ತಾರೆ. ಒಂದಿಷ್ಟು ನಮ್ಮ ಸ್ಕೇಲಿನ ತಪ್ಪು ಇದ್ದೇ ಇರುತ್ತದೆ. ಆದರೆ ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಉತ್ತರ 314ರ ಹತ್ತಿರವೇ ಬರುತ್ತದೆ. ಈ ಲೆಕ್ಕದಲ್ಲಿ ನಾವು ಗುರುವನ್ನು ಹೋಲಿಸಿದ್ದು ಭೂಮಿಯೊಂದಕ್ಕಲ್ಲ, ಭೂಮಿ ಮತ್ತು ಚಂದ್ರ ಸೇರಿದ ರಾಶಿಗೆ. ಚಂದ್ರ ಭೂಮಿಯ 81ರಲ್ಲಿ ಒಂದು ಪಾಲು.

ತಂತ್ರಾಂಶ ಬೇಡ, ನಿಜವಾದ ಆಕಾಶವೇ ಬೇಕು ಎನ್ನುವವರಿಗೂ ದಾರಿ ಇದೆ. ಹಾರ್ವರ್ಡ್ ಮತ್ತು ಸ್ಮಿತ್ಸೋನಿಯನ್‌ನ ಖಗೋಳ ಕೇಂದ್ರದ ಮೈಕ್ರೋಅಬ್ಸರ್ವೇಟರಿಗೆ ಮನವಿ ಕಳಿಸಿದರೆ ಪುಟ್ಟ ರೋಬಾಟ್ ದೂರದರ್ಶಕ ಚಿತ್ರ ತೆಗೆದು ಕಳಿಸುತ್ತದೆ. ಐಎಎಸ್‌ಸಿ ಎಂಬ ಕ್ಷುದ್ರಗ್ರಹ ಶೋಧ ಅಭಿಯಾನದಲ್ಲಿ ಶಾಲಾ ತಂಡಗಳು ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳಲ್ಲಿ ಜರುಗುವ ಚುಕ್ಕಿಗಳನ್ನು ಹುಡುಕುತ್ತವೆ. 2007ರಲ್ಲಿ ಗ್ಯಾಲಕ್ಸಿ ಝೂ ಎಂಬ ಆನ್‌ಲೈನ್ ಯೋಜನೆ ಶುರುವಾದಾಗ ಗೆಲಾಕ್ಸಿಗಳನ್ನು ವಿಂಗಡಿಸುತ್ತಿದ್ದ ಹ್ಯಾನಿ ವಾನ್ ಆರ್ಕೆಲ್ ಒಂದು ವಿಚಿತ್ರ ನೀಲಿ ಮಚ್ಚೆ ಕಂಡು, ಇದೇನು ಎಂದು ಕೇಳಿದರು. ಅದು ಹಿಂದೆಂದೂ ಗುರುತಿಸದ ಬಗೆಯ ಬೆಳಗುವ ಅನಿಲರಾಶಿ. ಈಗ ಅದಕ್ಕೆ ಅವರದೇ ಹೆಸರು. ಅವರು ನೆದರ್‌ಲ್ಯಾಂಡ್ಸ್‌ನ ಶಾಲಾ ಶಿಕ್ಷಕಿ.

ಬರಿಗಣ್ಣಿಗೇ ಸಾಕು ಎಂದರೆ ಆಲ್ಗೋಲ್ ನಕ್ಷತ್ರ ನೋಡಿ. 2.87 ದಿನಕ್ಕೊಮ್ಮೆ ಅದು ಕೆಲವು ಗಂಟೆ ಮಂಕಾಗುತ್ತದೆ, ಪಕ್ಕದ ನಕ್ಷತ್ರಗಳಿಗೆ ಹೋಲಿಸಿದರೆ ಸ್ಪಷ್ಟವಾಗಿ ತಿಳಿಯುತ್ತದೆ. ಇಂಥ ವೀಕ್ಷಣೆಗಳನ್ನು ಎಎವಿಎಸ್‌ಒ ಎಂಬ ಸಂಸ್ಥೆ 1911ರಿಂದ ಸಾಮಾನ್ಯ ವೀಕ್ಷಕರಿಂದಲೇ ಸಂಗ್ರಹಿಸುತ್ತಿದೆ.

ಸಲಕರಣೆ ಮತ್ತು ಸೂರ್ಯನ ಬಗ್ಗೆ ಒಂದಿಷ್ಟು

ಶಾಲೆಗೆ ದುಡ್ಡು ಬಂದ ಕೂಡಲೇ ಟೆಲಿಸ್ಕೋಪ್ ತರಬೇಡಿ. ಮೊದಲು ಒಂದು 7×50 ಅಥವಾ 10×50 ಬೈನಾಕ್ಯುಲರ್, ಅಂದರೆ 7 ಅಥವಾ 10 ಪಟ್ಟು ದೊಡ್ಡದು ಮಾಡುವ, 50 ಮಿ.ಮೀ. ಮಸೂರದ್ದು. ಗುರುವಿನ ಉಪಗ್ರಹಗಳು, ಚಂದ್ರನ ಕುಳಿಗಳು, ಕೃತ್ತಿಕೆ ಎಲ್ಲ ಅದರಲ್ಲೇ ಕಾಣುತ್ತವೆ. ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಬರೆದ ಸಣ್ಣ ಟೆಲಿಸ್ಕೋಪನ್ನು ನಂಬಬೇಡಿ. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟೇ ಉಪಯುಕ್ತ ವರ್ಧನೆ. 60 ಮಿ.ಮೀ. ಆದರೆ 120. ಅದಕ್ಕಿಂತ ಮೇಲೆ ಹೋದರೆ ದೊಡ್ಡದಾಗಿ ಮಸುಕು ಕಾಣುತ್ತದೆ.

ಸೂರ್ಯನ ವಿಷಯದಲ್ಲಿ ರಾಜಿ ಇಲ್ಲ. ಫಿಲ್ಟರ್ ಇಲ್ಲದ ಬೈನಾಕ್ಯುಲರ್, ಟೆಲಿಸ್ಕೋಪ್, ಅದರ ಮೇಲಿರುವ ಪುಟ್ಟ ಫೈಂಡರ್ ಯಾವುದರಲ್ಲೂ ಸೂರ್ಯನನ್ನು ನೋಡಬಾರದು. ಫಿಲ್ಟರ್ ಕಣ್ಣಿನ ಕಡೆಗಲ್ಲ, ಮುಂದಿನ ಮಸೂರಕ್ಕೆ ಕೂರುವಂಥದ್ದೇ ಆಗಬೇಕು. ಗ್ರಹಣದ ಕನ್ನಡಕ ಐಎಸ್‌ಒ 12312-2 ಮಾನದಂಡದ್ದಾಗಿರಬೇಕು, ಗೀರಿದ್ದರೆ ಬಿಸಾಡಿ. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ನೋಡುವುದೂ ಅಪಾಯ, ಇದು ಅನೇಕರಿಗೆ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಸುಲಭದ್ದು ಸೂಜಿರಂಧ್ರ. ರಟ್ಟಿನ ತೂತಿನಿಂದ 2 ಮೀಟರ್ ದೂರದ ಹಾಳೆಯ ಮೇಲೆ ಸೂರ್ಯನ ಬಿಂಬ ಸುಮಾರು 18–19 ಮಿ.ಮೀ. ಬರುತ್ತದೆ. ಆ ಅನುಪಾತವನ್ನು 15 ಕೋಟಿ ಕಿ.ಮೀ.ಗೆ ಗುಣಿಸಿದರೆ ಸೂರ್ಯನ ವ್ಯಾಸ 14 ಲಕ್ಷ ಕಿ.ಮೀ. ಹತ್ತಿರ ಬರುತ್ತದೆ.

ಆರನೆಯದು: ಜೊತೆಗಾರರನ್ನು ಹುಡುಕಿಕೊಳ್ಳಿ

ಖಗೋಳ ಶಿಕ್ಷಕರು ಶಾಲೆಯಲ್ಲಿ ಸಾಮಾನ್ಯವಾಗಿ ಒಂಟಿ. ಹಾಗಾಗಿ ಪಕ್ಕದ ವಿಷಯದವರನ್ನು ಎಳೆದುಕೊಳ್ಳಿ. ಭೂಗೋಳದವರಿಗೆ ಅಕ್ಷಾಂಶ ಬೇಕು, ಗಣಿತದವರಿಗೆ ಕೋನ ಬೇಕು.

ಜಪಾನಿನ ಶಿಕ್ಷಕರಲ್ಲಿ ಬಹಳ ಹಿಂದಿನಿಂದ ನಡೆದುಬಂದ ಒಂದು ಪದ್ಧತಿ ಇದೆ. ಮೂರ್ನಾಲ್ಕು ಜನ ಸೇರಿ ಒಂದು ಪಾಠ ಕಟ್ಟುತ್ತಾರೆ. ಒಬ್ಬರು ಕಲಿಸುತ್ತಾರೆ, ಉಳಿದವರು ತರಗತಿಯಲ್ಲಿ ಕೂತು ನೋಡುತ್ತಾರೆ. ಮುಖ್ಯವಾಗಿ ನೋಡುವುದು ಕಲಿಸುವವರನ್ನಲ್ಲ, ಮಕ್ಕಳನ್ನು. ಟಾರ್ಚು ಓರೆ ಮಾಡಿದಾಗ ಹಿಂದಿನ ಬೆಂಚಿನವರು ಏನು ಮಾತಾಡಿಕೊಂಡರು? ಯಾರ ಪೆನ್ಸಿಲ್ ಎಲ್ಲಿ ನಿಂತಿತು? ಪಾಠ ಮುಗಿದ ಮೇಲೆ ಅರ್ಧ ಗಂಟೆ ಅದರ ಬಗ್ಗೆಯೇ ಮಾತು, ನಂತರ ಪಾಠ ತಿದ್ದಿ ಇನ್ನೊಂದು ಸೆಕ್ಷನ್‌ನಲ್ಲಿ ಮತ್ತೊಬ್ಬರು ಮಾಡುತ್ತಾರೆ. ವರ್ಷಕ್ಕೆ ಒಂದು ಪಾಠಕ್ಕೆ ಹೀಗೆ ಮಾಡಿದರೂ ಸಾಕು. "ಪಾಠ ಚೆನ್ನಾಗಿತ್ತು ಸರ್" ಎಂಬ ಮಾತಿಗೆ ಮಾತ್ರ ಅಲ್ಲಿ ಜಾಗ ಕೊಡಬೇಡಿ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ದೂರದ ಶಾಲೆಯ ಒಬ್ಬ ಶಿಕ್ಷಕರೂ ಬೇಕು. ಹೆಚ್ಚುಕಡಿಮೆ ನಿಮ್ಮದೇ ರೇಖಾಂಶದಲ್ಲಿ, ಉತ್ತರಕ್ಕೋ ದಕ್ಷಿಣಕ್ಕೋ ಕೆಲವು ನೂರು ಕಿಲೋಮೀಟರ್ ಆಚೆ ಇದ್ದರೆ ಅನುಕೂಲ. ಒಂದೇ ದಿನ ಇಬ್ಬರೂ ತಮ್ಮ ತಮ್ಮ ಊರಿನ ಮಧ್ಯಾಹ್ನ ನೆರಳು ಅತಿ ಚಿಕ್ಕದಾದಾಗ ಕೋಲಿನ ನೆರಳು ಅಳೆಯಿರಿ. ಕೋಲಿನ ಉದ್ದ, ನೆರಳಿನ ಉದ್ದ ಎರಡರಿಂದ ಬಿಸಿಲು ಕೋಲಿಗೆ ಎಷ್ಟು ಓರೆಯಾಗಿ ಬಿತ್ತು ಎಂಬ ಕೋನ ಲೆಕ್ಕ ಹಾಕಿ. ಎರಡು ಕೋನಗಳ ವ್ಯತ್ಯಾಸ 5 ಡಿಗ್ರಿ ಬಂದು, ಉತ್ತರ-ದಕ್ಷಿಣ ದೂರ 555 ಕಿ.ಮೀ. ಇದ್ದರೆ 360 ಡಿಗ್ರಿಗೆ ಎಷ್ಟು? 39,960 ಕಿ.ಮೀ. ಅದೇ ಭೂಮಿಯ ಸುತ್ತಳತೆ. ಗ್ರೀಕ್ ವಿದ್ವಾಂಸ ಎರಟೊಸ್ಥೆನೆಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಮಾಡಿದ ಲೆಕ್ಕ ಇದೇ. ಆ ದಿನ ಎರಡೂ ಕಡೆಯ ಮಕ್ಕಳು ಫೋನಿನಲ್ಲಿ ಮಾತಾಡಿಕೊಂಡು ಅಂಕಿ ಬದಲಾಯಿಸಿಕೊಳ್ಳಲಿ, ನೀವಿಬ್ಬರೂ ಪಕ್ಕದಲ್ಲಿ ಸುಮ್ಮನೆ ನಿಂತಿರಿ.

ಗೊತ್ತಿಲ್ಲದ ಪ್ರಶ್ನೆಗಳು

ಎಷ್ಟು ತಯಾರಾದರೂ ಇವು ಬರುತ್ತವೆ. ತರಗತಿಯ ಮೂಲೆಯಲ್ಲಿ ಒಂದು ಹಾಳೆ ಅಂಟಿಸಿ, ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿದವರ ಕೈಯಲ್ಲೇ ಅಲ್ಲಿ ಬರೆಸಿ. ವಾರಕ್ಕೆ ಒಂದನ್ನು ಎತ್ತಿಕೊಳ್ಳಿ. ಉತ್ತರ ಯಾರಿಗೂ ಗೊತ್ತಿಲ್ಲದ್ದೇ, ನಮಗೆ ಮಾತ್ರ ಗೊತ್ತಿಲ್ಲದ್ದೇ ಎಂದು ಮೊದಲು ಬೇರ್ಪಡಿಸಿ. ಡಾರ್ಕ್ ಮ್ಯಾಟರ್ ಯಾವುದರಿಂದ ಆಗಿದೆ ಎಂಬುದು ಮೊದಲನೆಯ ಜಾತಿ. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳ ಬಣ್ಣ ನಿಜವಾದದ್ದಾ ಎಂಬುದು ಎರಡನೆಯದು. 2021ರ ಡಿಸೆಂಬರ್ 25ರಂದು ಹಾರಿದ ಆ ದೂರದರ್ಶಕ ಮುಖ್ಯವಾಗಿ ನೋಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಬೇರೆ ಬೇರೆ ಫಿಲ್ಟರಿನಲ್ಲಿ ತೆಗೆದ ಚಿತ್ರಗಳಿಗೆ ಆಮೇಲೆ ಬಣ್ಣ ಕೊಡುತ್ತಾರೆ. ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ. ಹಾಗಾಗಿ ಬಣ್ಣ ಸುಳ್ಳಲ್ಲ, ಅನುವಾದ ಎನ್ನಬಹುದು.

ಕೊನೆಯ ತಿಂಗಳು: ಬೇರೆ ಶಿಕ್ಷಕರಿಗೆ ಹೇಳಿಕೊಡಿ

ವರ್ಷದ ಕೊನೆಗೆ ಮುಖ್ಯೋಪಾಧ್ಯಾಯರ ಹತ್ತಿರ 45 ನಿಮಿಷ ಕೇಳಿ ಪಡೆಯಿರಿ. ನಿಮ್ಮ ಶಾಲೆಯವರೋ ಸುತ್ತಲಿನ ಶಾಲೆಗಳವರೋ ಹತ್ತು ಜನ ಸೇರಿದರೆ ಸಾಕು. ಸ್ಲೈಡ್ ಬೇಡ. ಮೊದಲ ಹತ್ತು ನಿಮಿಷ ಅವರಿಗೂ ಅದೇ ಅರ್ಧ ಹಾಳೆ ಕೊಟ್ಟು, ಋತು ಯಾಕೆ ಬದಲಾಗುತ್ತದೆ ಎಂದು ಹೆಸರಿಲ್ಲದೆ ಬರೆಸಿ. ಮುಂದಿನ ಇಪ್ಪತ್ತು ನಿಮಿಷ ಟಾರ್ಚು ಮತ್ತು ಚೌಕುಳಿ ಹಾಳೆ ಅವರ ಕೈಗೆ. ಉಳಿದ ಹೊತ್ತಿನಲ್ಲಿ ನಿಮ್ಮ ಫೈಲ್ ತೆರೆದು ಮಕ್ಕಳ ಮೊದಲ ಸಲದ ಮತ್ತು ಎರಡನೇ ಸಲದ ಹಾಳೆಗಳನ್ನು ಮೇಜಿನ ಮೇಲೆ ಹರಡಿ. ಯಾವ ತಪ್ಪು ಹೋಗಿದೆ, ಯಾವುದು ಇನ್ನೂ ಉಳಿದಿದೆ ಎಂದು ಅವರೇ ಗುಂಪು ಮಾಡಲಿ. ಏಳುವ ಮುಂಚೆ ಒಬ್ಬೊಬ್ಬರೂ ತಾವು ಯಾವ ತರಗತಿಗೆ, ಯಾವ ವಾರ ಈ ಪ್ರಶ್ನೆ ಕೇಳುತ್ತೇವೆ ಎಂದು ಬರೆದುಕೊಟ್ಟು ಹೋಗಲಿ. ಆ ವಾರ ಬಂದಾಗ ಫೋನ್ ಮಾಡಿ ಕೇಳುವ ಕೆಲಸ ನಿಮ್ಮದು.